ಗರಸಿನ ದಾರಿ, ದ್ರಾಕ್ಷಿಯ ನಾಡು

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಮಿಂಚಂಚೆ ಬಂದಿತು. ಅವನೀಗ ಇಟಲಿಯಲ್ಲಿ ಎಂಜಿನಿಯರ್. ರಜೆಯಲ್ಲಿ ನಾಲ್ಕು ದಿನ ಸೈಕಲ್ ಮೇಲೆ ಟಸ್ಕನಿ ಪ್ರಾಂತದ ದ್ರಾಕ್ಷಿತೋಟಗಳ ನಡುವೆ ಸುತ್ತಿ ಬಂದಿದ್ದ. ಜೊತೆಗೆ ಹತ್ತಾರು ಭಾವಚಿತ್ರಗಳನ್ನೂ ಕಳುಹಿಸಿದ್ದ. ಬೋರೆಗಳ ಮೇಲೆ ಸಾಲುಸಾಲಾಗಿ ಇಳಿದ ಬಳ್ಳಿಗಳು, ಅವುಗಳ ನಡುವೆ ಹಾವಿನಂತೆ ಹರಿದು ಹೋದ ಬಿಳಿಯ ಗರಸಿನ ದಾರಿ, ಧೂಳು ಮೆತ್ತಿದ ಗಾಲಿಗಳು. ಕೊನೆಯಲ್ಲಿ ಒಂದು ಪ್ರಶ್ನೆ: "ಸರ್, ಇಲ್ಲಿಯವರು ಡಾಂಬರು ಹಾಕದ ದಾರಿಗಳನ್ನು ಬೇಕೆಂದೇ ಕಾಪಾಡಿಕೊಂಡಿದ್ದಾರೆ. ನಮ್ಮ ಕಮತಗಿಯ ಕಡೆಗೂ ಇಂಥ ದಾರಿಗಳಿದ್ದವಲ್ಲ, ಅವುಗಳ ಇತಿಹಾಸವನ್ನು ಯಾರಾದರೂ ಬರೆದಿದ್ದಾರೆಯೇ?"

ಮೂರು ದಶಕಕ್ಕೂ ಮಿಕ್ಕಿ ಇತಿಹಾಸ ಪಾಠ ಮಾಡಿದವನಿಗೆ ಈ ಪ್ರಶ್ನೆ ಸುಮ್ಮನೆ ಬಿಡುವಂಥದ್ದಲ್ಲ. ರಾಜರು ನಡೆದ ದಾರಿಗಳ ಬಗ್ಗೆ ನಾನು ಬೇಕಾದಷ್ಟು ಹೇಳಿದ್ದೇನೆ. ನಮ್ಮೂರಿಂದ ಐಹೊಳೆ ಹತ್ತಿರವೇ. ಅಲ್ಲಿಯ ಮೇಗುತಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನದಲ್ಲಿ ಕವಿ ರವಿಕೀರ್ತಿಯು ಇಮ್ಮಡಿ ಪುಲಿಕೇಶಿಯ ದಂಡಯಾತ್ರೆಗಳನ್ನು ಹಾಡಿದ್ದನ್ನು ಪ್ರತಿ ವರ್ಷ ಮಕ್ಕಳಿಗೆ ವಿವರಿಸಿದ್ದೇನೆ. ಆದರೆ ಆ ಮಕ್ಕಳೇ ದಿನನಿತ್ಯ ಶಾಲೆಗೆ ತುಳಿದು ಬರುತ್ತಿದ್ದ ದಾರಿಯ ಕಥೆಯನ್ನು ಒಮ್ಮೆಯೂ ಹೇಳಿರಲಿಲ್ಲ. ಆ ಬಾಕಿಯನ್ನು ಇಂದು ತೀರಿಸಲು ಯತ್ನಿಸುತ್ತೇನೆ.

ಮೊದಲು ಅವನು ಸುತ್ತಿದ ನಾಡಿನ ವಿಚಾರ. ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಿನ ಗುಡ್ಡಗಾಡಿಗೆ ಕಿಯಾಂತಿ ಎಂದು ಹೆಸರು. ಈ ಎರಡು ನಗರಗಳೂ ಗಡಿಗಾಗಿ ಬಹುಕಾಲ ಬಡಿದಾಡಿದವು. ಅಲ್ಲೊಂದು ದಂತಕಥೆಯಿದೆ. ಕಾದಾಡಿ ಬೇಸತ್ತ ಉಭಯರೂ ಒಂದು ಒಪ್ಪಂದಕ್ಕೆ ಬಂದರಂತೆ: ಬೆಳಗಿನ ಕೋಳಿ ಕೂಗಿದೊಡನೆ ಎರಡೂ ಊರುಗಳಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡಬೇಕು, ಇಬ್ಬರೂ ಎದುರುಗೊಂಡ ಸ್ಥಳವೇ ಗಡಿ. ಸಿಯೆನಾದವರು ಬಿಳಿಯ ಹುಂಜಕ್ಕೆ ಹೊಟ್ಟೆತುಂಬ ಮೇಯಿಸಿ ಮಲಗಿಸಿದರು. ಫ್ಲಾರೆನ್ಸಿನವರು ಕರಿಯ ಹುಂಜವನ್ನು ಉಪವಾಸ ಕೆಡವಿ ಕತ್ತಲಲ್ಲಿಟ್ಟರು. ಹಸಿದ ಹುಂಜ ನಡುರಾತ್ರಿ ಕಳೆಯುತ್ತಲೇ ಕೂಗಿತು. ಫ್ಲಾರೆನ್ಸಿನ ಸವಾರ ಸಿಯೆನಾದ ಬಾಗಿಲಿನ ಸಮೀಪದವರೆಗೂ ಬಂದುಬಿಟ್ಟ. ಹೀಗೆ ಕಿಯಾಂತಿಯ ಬಹುಭಾಗ ಅವರ ಪಾಲಾಯಿತು. ಇಂದಿಗೂ ಅಲ್ಲಿಯ ದ್ರಾಕ್ಷಾರಸದ ಶೀಷೆಗಳ ಮೇಲೆ ಕರಿಯ ಹುಂಜದ ಮುದ್ರೆಯಿದೆ. ಕಥೆ ನಿಜವೋ ಸುಳ್ಳೋ, ಅದರ ಒಂದು ಮಾತು ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿದೆ. ದೂರ ಹೋದವನನ್ನು ಎಬ್ಬಿಸಿದ್ದು ಹಸಿವು.

ದಾಖಲೆಯ ಇತಿಹಾಸಕ್ಕೆ ಬಂದರೆ, 1716ರಲ್ಲಿ ಟಸ್ಕನಿಯ ದೊರೆ ಮೂರನೆಯ ಕೋಸಿಮೊ ಡೆ ಮೆದಿಚಿ ಒಂದು ಶಾಸನ ಹೊರಡಿಸಿ, ಯಾವ ಯಾವ ಸೀಮೆಯ ದ್ರಾಕ್ಷಾರಸಕ್ಕೆ ಕಿಯಾಂತಿ ಮೊದಲಾದ ಹೆಸರುಗಳು ಸಲ್ಲುತ್ತವೆ ಎಂಬುದನ್ನು ಗೊತ್ತುಪಡಿಸಿದನು. ನಮ್ಮ ಇಳಕಲ್ಲ ಸೀರೆಗೆ ಇತ್ತೀಚೆಗೆ ದೊರೆತ ಭೌಗೋಳಿಕ ಸೂಚಿಕೆಯಂಥ ರಕ್ಷಣೆ ಅಲ್ಲಿ ಮುನ್ನೂರು ವರ್ಷಗಳ ಹಿಂದೆಯೇ ಇತ್ತು ಎನ್ನಬಹುದು.

ಆದರೆ ಆ ದ್ರಾಕ್ಷಿಯನ್ನು ಬೆಳೆದವರು ಯಾರು? ಅಲ್ಲಿ ಶತಮಾನಗಳ ಕಾಲ 'ಮೆಝ್ಝಾದ್ರಿಯಾ' ಎಂಬ ಪದ್ಧತಿ ನಡೆದು ಬಂದಿತ್ತು. ಮೆಝ್ಝೊ ಎಂದರೆ ಅರ್ಧ. ಭೂಮಿ ಒಡೆಯನದು, ದುಡಿಮೆ ಒಕ್ಕಲಿನದು, ಬೆಳೆಯಲ್ಲಿ ಅರ್ಧರ್ಧ. ನಮ್ಮಲ್ಲಿ ಹೊಲವನ್ನು ಪಾಲಿಗೆ ಮಾಡುವುದು ಎನ್ನುತ್ತೇವಲ್ಲ, ಬಹುಮಟ್ಟಿಗೆ ಅದೇ. ಗುಡ್ಡದ ಮೇಲೆ ಒಂಟಿ ಮನೆ, ಅದಕ್ಕೆ ಹೊಂದಿಕೊಂಡ ಹೊಲ, ಮನೆಯಿಂದ ಮನೆಗೆ ಸುಣ್ಣಗಲ್ಲಿನ ಗರಸು ಹಾಸಿದ ಬಂಡಿದಾರಿ. 'ಸ್ತ್ರಾದೆ ಬಿಯಾಂಕೆ', ಅಂದರೆ ಬಿಳಿಯ ರಸ್ತೆಗಳು, ಹುಟ್ಟಿದ್ದು ಹೀಗೆ. ಎರಡನೆಯ ಮಹಾಯುದ್ಧದ ನಂತರ, 1950 ಮತ್ತು 60ರ ದಶಕಗಳಲ್ಲಿ, ಪಾಲಿನ ಬೇಸಾಯದಿಂದ ಬೇಸತ್ತ ಕುಟುಂಬಗಳು ಕಾರ್ಖಾನೆಗಳ ಕಡೆಗೆ ಗುಳೆ ಹೋದವು. 1964ರಲ್ಲಿ ಅಲ್ಲಿಯ ಸರಕಾರ ಹೊಸ ಪಾಲಿನ ಕರಾರುಗಳನ್ನು ಕಾನೂನಿನಿಂದ ನಿಷೇಧಿಸಿತು. ಹತ್ತು ವರ್ಷಗಳ ನಂತರ, 1974ರಲ್ಲಿ, ನಮ್ಮ ರಾಜ್ಯದಲ್ಲಿ 'ಉಳುವವನೇ ಒಡೆಯ' ಎಂಬ ತಿದ್ದುಪಡಿ ಜಾರಿಗೆ ಬಂದದ್ದು ಈ ಓದುಗರಲ್ಲಿ ಹಿರಿಯರಾದವರಿಗೆ ನೆನಪಿರಬಹುದು.

ಮನೆಗಳು ಬರಿದಾದ ಮೇಲೆ ಬಿಳಿಯ ದಾರಿಗಳು ಒಂದೊಂದಾಗಿ ಡಾಂಬರಿನ ಕೆಳಗೆ ಹೂತುಹೋಗತೊಡಗಿದವು. ಆಗ ಗಾಯೊಲೆ ಎಂಬ ಸಣ್ಣ ಊರಿನಲ್ಲಿ ಜಾಂಕಾರ್ಲೊ ಬ್ರೊಚ್ಚಿ ಎಂಬವರು ಒಂದು ಉಪಾಯ ಹೂಡಿದರು. 1997ರಲ್ಲಿ ಅವರು ಏರ್ಪಡಿಸಿದ 'ಲೆರೋಯಿಕಾ' ಎಂಬ ಸೈಕಲ್ ಯಾತ್ರೆಗೆ ಬಂದವರು 92 ಜನ. ನಿಯಮ ವಿಚಿತ್ರವಾದದ್ದು: ಸೈಕಲ್ 1987ಕ್ಕಿಂತ ಈಚಿನದಾಗಿರಬಾರದು, ಉಕ್ಕಿನ ಚೌಕಟ್ಟು, ಹೊರಗೆ ಕಾಣುವ ಬ್ರೇಕಿನ ತಂತಿ, ಉಡುಪು ಉಣ್ಣೆಯದು. ಅತ್ಯಂತ ದೀರ್ಘ ಮಾರ್ಗ 200 ಕಿಲೋಮೀಟರಿಗೂ ಮಿಕ್ಕಿದ್ದು, ಅದರಲ್ಲಿ ಸುಮಾರು ಅರ್ಧದಷ್ಟು ಗರಸು. ದಾರಿಯಲ್ಲಿ ತಂಗುದಾಣಗಳಲ್ಲಿ ಕೊಡುವುದೂ ಹಳ್ಳಿಯ ಊಟವೇ: ಹಳಸಿದ ರೊಟ್ಟಿಯನ್ನು ಅವರೆ ಜಾತಿಯ ಕಾಳು ಮತ್ತು ಎಲೆಕೋಸಿನೊಡನೆ ಮತ್ತೆ ಕುದಿಸಿದ ಸಾರು. ನಮ್ಮ ಮುಟಿಗೆಯ ದೂರದ ನೆಂಟ ಎನ್ನಿ. ಈ ಯಾತ್ರೆಯ ಪ್ರಸಿದ್ಧಿಯಿಂದಾಗಿಯೇ 2007ರಿಂದ ಅದೇ ದಾರಿಗಳ ಮೇಲೆ ವೃತ್ತಿಪರ ಸವಾರರ ಸ್ಪರ್ಧೆಯೂ ಆರಂಭವಾಯಿತು. ಬಡವರ ಬಂಡಿದಾರಿ ಈಗ ಪ್ರಾಂತದ ಹೆಮ್ಮೆ.

ದೂರದ ಸೈಕಲ್ ಯಾತ್ರೆಯೂ ಇಟಲಿಗೆ ಹೊಸತಲ್ಲ. 1897ರ ಜೂನ್ 12ರಂದು ಹನ್ನೆರಡು ಮಂದಿ ರೋಮಿನಿಂದ ನೇಪಲ್ಸಿಗೆ, ಅಂದರೆ 230 ಕಿಲೋಮೀಟರುಗಳನ್ನು, ಹಗಲು ಮುಗಿಯುವುದರೊಳಗೆ ಕ್ರಮಿಸಲು ಹೊರಟರು. ಇಂಥವರನ್ನು 'ಔಡಾಕ್ಸ್', ಅಂದರೆ ಧೈರ್ಯಶಾಲಿಗಳು ಎಂದು ಕರೆದರು. ಆ ಹೆಸರು ಫ್ರಾನ್ಸಿಗೆ ಹೋಗಿ, ಅಲ್ಲಿಂದ ಲೋಕಸಂಚಾರ ಮಾಡಿ, ಕಡೆಗೆ ನಮ್ಮ ಬೆಂಗಳೂರು, ಹುಬ್ಬಳ್ಳಿಗಳಿಗೂ ಬಂದಿದೆ. ನಮ್ಮ ತರುಣರು 200 ಕಿಲೋಮೀಟರುಗಳನ್ನು ಹದಿಮೂರೂವರೆ ಗಂಟೆಗಳಲ್ಲಿ, 600 ಕಿಲೋಮೀಟರುಗಳನ್ನು ನಲವತ್ತು ಗಂಟೆಗಳಲ್ಲಿ ಮುಗಿಸುವ ಯಾತ್ರೆಗಳನ್ನು ಕೈಗೊಳ್ಳುತ್ತಾರಲ್ಲ, ಅವುಗಳ ಮೂಲ ಇದೇ.

ಇಟಲಿಯ ಮತ್ತೊಂದು ಯಾತ್ರೆಯನ್ನು ಇಲ್ಲಿ ನೆನೆಯಲೇಬೇಕು. ಜೀನೊ ಬಾರ್ತಾಲಿ ಫ್ಲಾರೆನ್ಸಿನ ಬಳಿಯ ಹಳ್ಳಿಯವನು, 1938ರ ಫ್ರಾನ್ಸ್ ಸೈಕಲ್ ಪಂದ್ಯವನ್ನು ಗೆದ್ದವನು. 1943-44ರಲ್ಲಿ ಜರ್ಮನ್ ಸೈನ್ಯ ಅಲ್ಲಿ ಬೀಡುಬಿಟ್ಟಿದ್ದಾಗ ಅವನು ಫ್ಲಾರೆನ್ಸಿನಿಂದ ಅಸ್ಸೀಸಿಯ ಕಡೆಗೆ ಮತ್ತೆ ಮತ್ತೆ ಸವಾರಿ ಹೊರಡುತ್ತಿದ್ದ. ಕೇಳಿದವರಿಗೆ ಅಭ್ಯಾಸ ಎನ್ನುತ್ತಿದ್ದ. ಸೈಕಲ್ಲಿನ ಟೊಳ್ಳು ಕೊಳವೆಯೊಳಗೆ ಯೆಹೂದಿಗಳ ಪ್ರಾಣ ಉಳಿಸುವ ನಕಲಿ ಗುರುತುಪತ್ರಗಳು ಅಡಗಿರುತ್ತಿದ್ದವು. ಯುದ್ಧ ಮುಗಿದ ಮೇಲೂ ಅವನು ಆ ವಿಷಯವನ್ನು ಸಾರಿಕೊಳ್ಳಲಿಲ್ಲ. 2000ದಲ್ಲಿ ತೀರಿಕೊಂಡ. 2013ರಲ್ಲಿ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ಅವನನ್ನು ಸನ್ಮಾನಿತರ ಪಟ್ಟಿಗೆ ಸೇರಿಸಿತು. ನೋಡುವವರಿಗೆ ವಿಹಾರ, ತುಳಿಯುವವನಿಗೆ ಹೊಣೆ. ಸೈಕಲ್ಲಿನ ಇತಿಹಾಸ ಬರೆಯುವವನು ಈ ಎರಡನ್ನೂ ನೋಡಬೇಕು.

ಇನ್ನು ನಮ್ಮ ಸೀಮೆಗೆ ಬರೋಣ. 1956ರವರೆಗೆ ಕಮತಗಿಯೂ ಸೇರಿದಂತೆ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಅದೇ ಮುಂಬಯಿಯಿಂದ 1923ರ ಅಕ್ಟೋಬರ್ 15ರಂದು ಆರು ಮಂದಿ ಪಾರ್ಸಿ ತರುಣರು ಸೈಕಲ್ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಈ ಮೂವರು 1928ರ ಮಾರ್ಚ್ 18ರಂದು ಸುಮಾರು 71,000 ಕಿಲೋಮೀಟರುಗಳ ಯಾತ್ರೆ ಮುಗಿಸಿ ಮರಳಿದರು. ಇಟಲಿಯೂ ಅವರ ದಾರಿಯಲ್ಲಿತ್ತು. ನನ್ನ ವಿದ್ಯಾರ್ಥಿಗೆ ಹೀಗೆ ಒಂದು ಶತಮಾನದ ಹಿಂದಿನ ಹಿರಿಯಣ್ಣಂದಿರಿದ್ದಾರೆ.

ಆ ಕಾಲದ ಸೈಕಲ್‌ಗಳು ಹೆಚ್ಚಾಗಿ ಇಂಗ್ಲೆಂಡಿನಿಂದ ಬಂದವು, ಉಳ್ಳವರ ಸ್ವತ್ತು. ಸ್ವಾತಂತ್ರ್ಯಾನಂತರ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೊ ಹುಟ್ಟಿಕೊಂಡ ಮೇಲೆಯೇ ಸೈಕಲ್ ನೇಕಾರರ, ಒಕ್ಕಲಿಗರ, ಮಾಸ್ತರರ ಮನೆಗೂ ಬಂದಿತು. ಕಮತಗಿ ನೇಕಾರರ ಊರು. ಮಗ್ಗದಿಂದ ಇಳಿದ ಇಳಕಲ್ಲ ಸೀರೆಗಳನ್ನು ಸಾವುಕಾರರಿಗೆ ಮುಟ್ಟಿಸಿ, ನೂಲು ಮತ್ತು ರೇಷ್ಮೆ ತರಲು ನಮ್ಮ ನೇಕಾರರು ಅಮೀನಗಡ, ಹುನಗುಂದಗಳನ್ನು ಹಾದು ಇಳಕಲ್ಲಿಗೆ ಸೈಕಲ್ ತುಳಿಯುತ್ತಿದ್ದರು. ಹೋಗಿ ಬರಲು ಒಂದು ಹಗಲು ಸಾಲುತ್ತಿರಲಿಲ್ಲ. ಮುಖ್ಯ ರಸ್ತೆ ಬಿಟ್ಟರೆ ಉಳಿದುದೆಲ್ಲ ಗರಸು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ಸೈಕಲ್ಲೇ ಸವಾರನ ಹೆಗಲೇರುತ್ತಿತ್ತು.

ನನ್ನ ಪಾಲಿನ ಯಾತ್ರೆ 1982ರ ಫೆಬ್ರುವರಿಯದು. ಬಿ.ಎಡ್. ಮುಗಿಸಿ ನೌಕರಿಯ ಆದೇಶಕ್ಕಾಗಿ ಕಾಯುತ್ತಿದ್ದ ದಿನಗಳು. ನೇಕಾರರ ಓಣಿಯ ನನ್ನ ಗೆಳೆಯನೊಬ್ಬ ವಿಜಾಪುರಕ್ಕೆ ಸೈಕಲ್ ಮೇಲೆ ಹೋಗುವೆನೆಂದ. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಾನೂ ಉತ್ಸಾಹದಿಂದ ಹೊರಟೆ. ತಂದೆಯವರ ಅಟ್ಲಾಸ್ ಸೈಕಲ್, ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಜೇಬಿನಲ್ಲಿ ಒಂದು ದಿನಚರಿ. ನಸುಕಿನಲ್ಲಿ ಹೊರಟು, ಶಿರೂರು ಹಾದು, ಬಾಗಲಕೋಟೆ ಮುಟ್ಟಿದಾಗ ಬಿಸಿಲೇರಿತ್ತು. ಅನಗವಾಡಿಯ ಬಳಿ ಘಟಪ್ರಭೆಯನ್ನೂ ಕೊಲ್ಹಾರದ ಬಳಿ ಕೃಷ್ಣೆಯನ್ನೂ ದಾಟಿದೆವು. ಕೊಲ್ಹಾರದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಯ್ಯಬಹುದು ಎಂಬ ಮಾತು ಉತ್ಪ್ರೇಕ್ಷೆಯಲ್ಲ ಎಂಬುದು ಅಂದು ನನಗೆ ಖಚಿತವಾಯಿತು. ಹೊತ್ತು ಮುಳುಗಿದ ಮೇಲೆ ಗೋಳಗುಮ್ಮಟದ ಆಕಾರ ಕಂಡಿತು.

ಮರುದಿನ ಗೆಳೆಯನ ಸಂಬಂಧಿಕರೊಬ್ಬರ ಹೊಲವನ್ನು ನೋಡಲು ತಿಕೋಟಾದ ಕಡೆಗೆ ಹೋದೆವು. ಬಳ್ಳಿಯ ಮೇಲೆ ದ್ರಾಕ್ಷಿಯನ್ನು ನಾನು ಕಂಡದ್ದು ಅಂದೇ ಮೊದಲು. ಕಲ್ಲಿನ ಕಂಬಗಳ ಮೇಲೆ ತಂತಿಯ ಹಂದರ, ಅದರ ಕೆಳಗೆ ತಂಪು ನೆರಳು, ತಲೆಗೆ ತಾಗುವಂತೆ ತೂಗುವ ಗೊಂಚಲು. ಇಟಲಿಯಲ್ಲಿ ಚಳಿಗಾಲಕ್ಕೆ ಬಳ್ಳಿ ತಾನಾಗಿಯೇ ಮಲಗುತ್ತದೆ. ವರ್ಷಕ್ಕೊಂದು ಚಾಟನಿ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸುಗ್ಗಿ. ನಮ್ಮಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಆದ್ದರಿಂದ ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಕತ್ತರಿಸಬೇಕು. ಮೊದಲನೆಯದು ಕಡ್ಡಿಗಾಗಿ, ಎರಡನೆಯದು ಹಣ್ಣಿಗಾಗಿ. ಸುಗ್ಗಿ ಜನವರಿಯಿಂದ ಏಪ್ರಿಲ್‌ವರೆಗೆ. ಮುಂದೆ ಸವಳು ನೀರನ್ನೂ ಬರವನ್ನೂ ತಾಳುವ ಡಾಗ್‌ರಿಜ್ ಎಂಬ ಕಾಡುಬಳ್ಳಿಯ ಬೇರಿಗೆ ಥಾಮ್ಸನ್ ಸೀಡ್‌ಲೆಸ್ ತಳಿಯನ್ನೋ ಅದರ ಪೀಳಿಗೆಯ ಸೋನಾಕಾ, ಮಾಣಿಕ್ ಚಮನ್‌ಗಳನ್ನೋ ಕಸಿಮಾಡುವ ಪದ್ಧತಿ ಬಂದು, ಈ ಒಣ ಸೀಮೆ ರಾಜ್ಯದ ದೊಡ್ಡ ದ್ರಾಕ್ಷಿ ನಾಡಾಯಿತು. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಾರಸ ನೀತಿಯನ್ನು ತಂದು ಮಂಡಳಿಯೊಂದನ್ನೂ ಸ್ಥಾಪಿಸಿತು. ಆದರೂ ನಮ್ಮ ವಿಜಯಪುರದ ದ್ರಾಕ್ಷಿ ಹೆಚ್ಚಾಗಿ ಸೇರುವುದು ಶೀಷೆಯನ್ನಲ್ಲ, ಒಣದ್ರಾಕ್ಷಿಯ ಶೆಡ್ಡುಗಳನ್ನು. ಪೊಟ್ಯಾಸಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಅದ್ದಿದ ಗೊಂಚಲುಗಳು ಬಲೆಯ ಅಟ್ಟಗಳ ಮೇಲೆ ಎರಡು ವಾರ ನೆರಳಿನಲ್ಲಿ ಒಣಗುತ್ತವೆ. ನಮ್ಮ ಮನೆಗಳಲ್ಲಿ ಅದು ಪಾಯಸಕ್ಕೆ ಬೀಳುತ್ತದೆ.

ಅಂದಿನ ನನ್ನ ದಿನಚರಿ ಇನ್ನೂ ನನ್ನ ಬಳಿಯಿದೆ. ವಿದ್ಯಾರ್ಥಿಯ ಪತ್ರ ಬಂದ ಮೇಲೆ ಅದನ್ನು ಹುಡುಕಿ ತೆಗೆದೆ. ಎರಡು ಪುಟಗಳ ತುಂಬ ವರ್ಣನೆ. ಕೃಷ್ಣೆಯ ಮರಳು, ಗುಮ್ಮಟದ ಪ್ರತಿಧ್ವನಿ, ದ್ರಾಕ್ಷಿಯ ಸಿಹಿ. ಅದರಲ್ಲಿ ಒಂದು ಸಂಗತಿ ಇಲ್ಲವೇ ಇಲ್ಲ. ಓದುತ್ತ ಹೋದಂತೆ ಅದು ನನಗೇ ನೆನಪಾಗಿ ನಾಚಿಕೆಯಾಯಿತು.

ನನ್ನ ಗೆಳೆಯ ವಿಜಾಪುರಕ್ಕೆ ಹೊರಟದ್ದು ವಿಹಾರಕ್ಕಲ್ಲ. ಅವನ ಸೈಕಲ್ಲಿನ ಕ್ಯಾರಿಯರಿನ ಮೇಲೆ ಒಂದು ಗಂಟಿತ್ತು. ಮನೆಯಲ್ಲಿ ನೇಯ್ದ ಹನ್ನೆರಡು ಸೀರೆಗಳು. ಊರಿನ ಸಾವುಕಾರರಿಗಿಂತ ಪಟ್ಟಣದ ಅಂಗಡಿಯವನು ನಾಲ್ಕು ಕಾಸು ಹೆಚ್ಚು ಕೊಟ್ಟಾನು, ಬಸ್ಸಿನ ಚೀಟಿಯೂ ಸರಂಜಾಮಿನ ಬಾಡಿಗೆಯೂ ಉಳಿದೀತು ಎಂಬುದು ಅವನ ಲೆಕ್ಕ. ಸಮಯ ಉಳಿಸಲು ಗರಸಿನ ಅಡ್ಡದಾರಿಗಳನ್ನು ಹಿಡಿದದ್ದೂ ಅವನೇ. ಎರಡು ಪದರು ಧೋತರ ಸುತ್ತಿದ್ದರೂ ಗರಸಿನ ಸಣ್ಣ ಧೂಳು ಗಂಟಿನೊಳಕ್ಕೆ ಇಳಿದಿತ್ತು. ಅಂಗಡಿಯವನು ಸೀರೆ ಬಿಚ್ಚಿ, ಕೆಂಪು ಸೆರಗಿನ ಬಿಳಿಯ ಪಟ್ಟೆಯ ಮೇಲೆ ಬೆರಳಾಡಿಸಿ ತೋರಿಸಿದ. ಬೆಲೆ ಇಳಿಯಿತು. ಊರಿನಲ್ಲಿ ಸಿಗುತ್ತಿದ್ದುದಕ್ಕಿಂತಲೂ ಕಡಿಮೆಗೆ ಕೊಟ್ಟು ಎದ್ದು ಬಂದ. ಆ ದಿನ ಅವನು ತೋಟದಲ್ಲಿ ಒಂದು ದ್ರಾಕ್ಷಿಯನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ನಾನು ಗೊಂಚಲು ಹಿಡಿದು ನಿಂತಿದ್ದೆ.

ಮರಳುವಾಗ ಅವನು ಆಡಿದ ಮಾತು ಒಂದೇ. "ನಿನಗೇನಪಾ, ದಾರಿ ಚಂದ ಕಾಣತೈತಿ."

ಇತಿಹಾಸದ ಮಾಸ್ತರನಾಗಲು ಹೊರಟಿದ್ದ ನಾನು ಆ ಮಾತನ್ನು ಬರೆದುಕೊಳ್ಳಲಿಲ್ಲ. ಗೆಳೆಯ ಈಗಿಲ್ಲ. ಅವನ ಮಕ್ಕಳು ಮಗ್ಗಕ್ಕೆ ಕೂಡಲಿಲ್ಲ.

ಇನ್ನೊಂದು ನೆನಪು. 1994ರಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಗೆ ಆರು ಕಿಲೋಮೀಟರು ದೂರದ ಹಳ್ಳಿಯೊಂದರಿಂದ ಗರಸಿನ ದಾರಿ ನಡೆದು ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಎಂಟನೆಯ ತರಗತಿ, ಗಣಿತದಲ್ಲಿ ಮುಂದು. ದಸರೆ ರಜೆಯ ನಂತರ ಬರಲಿಲ್ಲ. ಸಂಜೆ ತಡವಾಗುತ್ತದೆ, ದಾರಿ ನಿರ್ಜನ ಎಂದು ಮನೆಯವರು ಬಿಡಿಸಿದ್ದರು. ನಾನು ಹಾಜರಿ ಪುಸ್ತಕದಲ್ಲಿ ಕೆಲವು ವಾರ 'ಗೈರು' ಎಂದು ಬರೆದು, ಕೊನೆಗೆ ಕೆಂಪು ಶಾಯಿಯಿಂದ ಹೆಸರು ಹೊಡೆದು ಹಾಕಿದೆ. ನನ್ನ ಬಳಿ ಸೈಕಲ್ ಇತ್ತು. ಒಂದು ಸಂಜೆ ಆ ಆರು ಕಿಲೋಮೀಟರು ತುಳಿದು ಹೋಗಿ ಅವಳ ತಂದೆಯೊಡನೆ ಮಾತನಾಡಬಹುದಾಗಿತ್ತು, ಹೋಗಲಿಲ್ಲ. 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ, ಸಾಲುಸಾಲಾಗಿ ಸೈಕಲ್ ಏರಿ ಬರುವ ಹುಡುಗಿಯರನ್ನು ಶಾಲೆಯ ಬಾಗಿಲಲ್ಲಿ ನಿಂತು ನೋಡಿದೆ. ಸಂತೋಷದ ಜೊತೆಗೆ ಆ ಕೆಂಪು ಗೆರೆಯೂ ಕಣ್ಣ ಮುಂದೆ ಬಂದಿತು. ಕೋವಿಡ್ ವರ್ಷಗಳಲ್ಲಿ ಆ ವಿತರಣೆ ನಿಂತಾಗ ಅದರ ಬೆಲೆ ಏನೆಂಬುದು ನನಗೆ ತಿಳಿದಿತ್ತು.

ಆದ್ದರಿಂದ, ಮಗೂ, ನಿನ್ನ ಪ್ರಶ್ನೆಗೆ ನಾನು ಸುಲಭವಾಗಿ ಉತ್ತರಿಸಲಾರೆ. ನಮ್ಮ ಗರಸಿನ ದಾರಿಗಳನ್ನು ಇಟಲಿಯವರಂತೆ ಕಾಪಾಡಬೇಕಿತ್ತು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಡಾಂಬರು ಬಂದದ್ದರಿಂದ ಬಸ್ಸು ಬಂದಿತು, ಆಂಬುಲೆನ್ಸ್ ಬಂದಿತು, ಹೆಣ್ಣುಮಕ್ಕಳ ಓದು ಮುಂದುವರಿಯಿತು. ಕಿಯಾಂತಿಯ ಒಕ್ಕಲುಗಳೂ ಆ ಬಿಳಿಯ ದಾರಿಗಳನ್ನು ಪ್ರೀತಿಯಿಂದ ಉಳಿಸಿದವರಲ್ಲ, ಅವುಗಳ ಮೇಲೆಯೇ ಗಂಟುಮೂಟೆ ಹೊತ್ತು ಊರು ಬಿಟ್ಟವರು. ಆದರೆ ದಾರಿ ಹೋದರೂ ಅದನ್ನು ತುಳಿದವರ ಕಥೆ ಹೋಗಬಾರದು. ಅಲ್ಲಿಯವರು ದಾರಿಯನ್ನಾದರೂ ಉಳಿಸಿಕೊಂಡರು. ನಾವು ಎರಡನ್ನೂ ಕಳೆದುಕೊಳ್ಳುತ್ತಿದ್ದೇವೆ.

ನಮ್ಮದರಲ್ಲಿ ಕೆಲವು ದಾರಿಗಳು ಡಾಂಬರಿನ ಕೆಳಗೂ ಇಲ್ಲ, ನೀರಿನ ಕೆಳಗಿವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಿಲಾನ್ಯಾಸ ಮಾಡಿದ ಆಲಮಟ್ಟಿ ಅಣೆಕಟ್ಟು ಪೂರ್ಣಗೊಂಡದ್ದು 2005ರಲ್ಲಿ. ಹಳೆಯ ಬಾಗಲಕೋಟೆಯ ಭಾಗಗಳು, ಹಳೆಯ ಕೊಲ್ಹಾರ, ನದಿದಂಡೆಯ ಎಷ್ಟೋ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ನಾನೂ ಗೆಳೆಯನೂ ಬುತ್ತಿ ಬಿಚ್ಚಿದ ಮರಳದಂಡೆ ಈಗ ಇಲ್ಲ. ಕೊರ್ತಿ-ಕೊಲ್ಹಾರದ ಉದ್ದನೆಯ ಸೇತುವೆಯ ಮೇಲೆ ಬಸ್ಸು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಕಿಟಕಿಯಿಂದ ನೋಡಿದರೆ ಎರಡೂ ಕಡೆ ಬರೀ ನೀರು.

ಓದುತ್ತಿರುವ ನನ್ನ ಬಂಧುಗಳಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಈ ಬೇಸಿಗೆ ರಜೆಯಲ್ಲಿ ಅವರ ಬಳಿ ಕುಳಿತು ಕೇಳಿರಿ. ಸಂತೆಗೆ ಯಾವ ದಾರಿಯಿಂದ ಹೋಗುತ್ತಿದ್ದಿರಿ, ಹಳ್ಳ ಬಂದರೆ ಎಲ್ಲಿ ನಿಲ್ಲುತ್ತಿದ್ದಿರಿ, ನೀರು ಎಲ್ಲಿ ಕುಡಿಯುತ್ತಿದ್ದಿರಿ, ಗಂಟಿನಲ್ಲಿ ಏನಿರುತ್ತಿತ್ತು. ಕೊನೆಯ ಪ್ರಶ್ನೆಯನ್ನು ಮಾತ್ರ ಮರೆಯಬೇಡಿರಿ. ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದಿಡಿರಿ.

ನನ್ನ ವಿದ್ಯಾರ್ಥಿ ಬರುವ ಡಿಸೆಂಬರಿನಲ್ಲಿ ಊರಿಗೆ ಬರುವನಂತೆ. ಐಹೊಳೆಯವರೆಗೆ ಸೈಕಲ್ ಮೇಲೆ ಹೋಗೋಣ ಎಂದು ಬರೆದಿದ್ದೇನೆ. ನನ್ನ ಮೊಣಕಾಲು ಅಷ್ಟು ದೂರಕ್ಕೆ ಒಪ್ಪೀತು. 1982ರ ದಿನಚರಿಯ ಆ ಎರಡು ಪುಟಗಳ ಕೆಳಗೆ ಜಾಗ ಖಾಲಿಯಿತ್ತು. ನಿನ್ನೆ ರಾತ್ರಿ ಅಲ್ಲಿ ಬರೆದೆ: ಹನ್ನೆರಡು ಸೀರೆ, ಗರಸಿನ ಧೂಳು, ಬೆಲೆ ಇಳಿಯಿತು.